ಮರದ ಬಟ್ಟಲಿನ ಮೇಲಿನ ಕಪ್ಪು ಗೆರೆ ಎಳೆದವರು ಯಾರು? ಅಪ್ಪ ತಲೆಕೆಳಗಾಗಿ ಓದಿದ್ದನ್ನು ಮಗ ನೇರ ಮಾಡಿದ ಕಥೆ

ಲೇತ್‌ನಲ್ಲಿ ಕಡೆದ ಮರದ ಬಟ್ಟಲು. ತಿಳಿ ಬಣ್ಣದ ಮರದ ಮೇಲೆ ಇಂಕ್ ಪೆನ್ನಿನಿಂದ ಎಳೆದಂತೆ ಸಣ್ಣ ಕಪ್ಪು ಗೆರೆಗಳು. ಕೆಲವು ಕಡೆ ಅವು ನದಿಯಂತೆ ಹರಿಯುತ್ತವೆ, ಕೆಲವು ಕಡೆ ದೇಶಗಳ ನಕ್ಷೆಯಂತೆ ಗಡಿ ಹಾಕುತ್ತವೆ. ಇಂಥ ಫೋಟೋ ಅಥವಾ ರೀಲ್ ನಿಮ್ಮ ಫೋನಿಗೂ ಬಂದಿರಬಹುದು. ಇದು ಮರದ ಸಹಜ ವಿನ್ಯಾಸವೇ? ಸಿಡಿಲು ಬಡಿದ ಗುರುತೇ? ಯಾರಾದರೂ ಬಣ್ಣ ಬಳಿದಿದ್ದಾರೆಯೇ?

ಮೂರೂ ಅಲ್ಲ. ಮರಗೆಲಸದವರು ಇದನ್ನು ಸ್ಪಾಲ್ಟಿಂಗ್ ಎನ್ನುತ್ತಾರೆ. ಇದನ್ನು ಮಾಡುವುದು ಶಿಲೀಂಧ್ರ, ಅಂದರೆ ಹಳೆಯ ಬ್ರೆಡ್ಡಿನ ಮೇಲೆ ಬರುವ ಬೂಸ್ಟು ಮತ್ತು ಮಳೆಗಾಲದಲ್ಲಿ ಏಳುವ ಅಣಬೆಯ ಕುಲಕ್ಕೆ ಸೇರಿದ ಜೀವಿ.

ಉತ್ತರ ಒಂದೇ ಸಾಲಿನಲ್ಲಿ ಮುಗಿಯಿತು. ಆದರೆ ಆ ಸಾಲನ್ನು ಧೈರ್ಯವಾಗಿ ಹೇಳಲು ವಿಜ್ಞಾನಕ್ಕೆ ಬಹಳ ವರ್ಷ ಬೇಕಾಯಿತು. ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಕಂಡ ಮೇಲೂ ಅದು ಏನು ಮಾಡುತ್ತಿದೆ ಎಂಬುದನ್ನು ತಲೆಕೆಳಗಾಗಿ ಓದಲಾಗಿತ್ತು. ಅದನ್ನು ನೇರ ಮಾಡಿದವರು ಜರ್ಮನಿಯ ರಾಬರ್ಟ್ ಹಾರ್ಟಿಗ್. ಅವರು ತಿದ್ದಿದ್ದು ತಮ್ಮ ಅಪ್ಪನದೇ ಸಿದ್ಧಾಂತವನ್ನು. ಅವರ ಬದುಕಿನ ಜೊತೆಗೇ ಕಪ್ಪು ಗೆರೆಯ ಗುಟ್ಟನ್ನೂ ಇಲ್ಲಿ ನಾವು ಬಿಡಿಸಿ ನೋಡೋಣ.

ಮೂರು ತಲೆಮಾರು, ಒಂದೇ ಕಾಡು

ರಾಬರ್ಟ್ ಹಾರ್ಟಿಗ್ ಹುಟ್ಟಿದ್ದು 1839ರ ಮೇ 30ರಂದು, ಜರ್ಮನಿಯ ಬ್ರೌನ್‌ಶ್ವೈಗ್ ನಗರದಲ್ಲಿ. ಅವರ ಮನೆತನಕ್ಕೂ ಕಾಡಿಗೂ ಹಳೆಯ ನಂಟು. ಅಜ್ಜ ಗೇಯಾರ್ಗ್ ಲುಡ್ವಿಗ್ ಹಾರ್ಟಿಗ್ ಪ್ರಷ್ಯಾ ರಾಜ್ಯದ ಅರಣ್ಯ ಆಡಳಿತದ ಮುಖ್ಯಸ್ಥರಾಗಿದ್ದವರು. ಕಾಡಿನಿಂದ ಎಷ್ಟು ಮರ ಕಡಿದರೆ ಮುಂದಿನ ಪೀಳಿಗೆಗೂ ಅಷ್ಟೇ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಕಡಿಯಬೇಕು ಎಂಬ ಕ್ರಮವನ್ನು ಬೆಳೆಸಿದವರಲ್ಲಿ ಅವರೂ ಒಬ್ಬರು.

ಅಪ್ಪ ಥಿಯೋಡರ್ ಹಾರ್ಟಿಗ್ ಅರಣ್ಯ ಸಸ್ಯವಿಜ್ಞಾನಿ. ಎಲೆಯಲ್ಲಿ ತಯಾರಾದ ಆಹಾರವನ್ನು ಗಿಡದ ಉಳಿದ ಭಾಗಗಳಿಗೆ ಸಾಗಿಸುವ ಸಣ್ಣ ಕೊಳವೆಗಳನ್ನು 1837ರಲ್ಲಿ ಮೊದಲು ಗುರುತಿಸಿ ವಿವರಿಸಿದವರು ಅವರೇ. ಅಂದರೆ ಥಿಯೋಡರ್ ಸಾಮಾನ್ಯರಲ್ಲ. ಸೂಕ್ಷ್ಮದರ್ಶಕದ ಕೆಲಸದಲ್ಲಿ ನುರಿತ ಕಣ್ಣು. ಮುಂದಿನ ಕಥೆ ಓದುವಾಗ ಇದು ನೆನಪಿರಲಿ.

ಅಪ್ಪ ಕಂಡದ್ದು ಸರಿ, ಅರ್ಥ ಮಾಡಿಕೊಂಡದ್ದು ಉಲ್ಟಾ

ರಾಬರ್ಟ್ ಹುಟ್ಟುವ ಆರು ವರ್ಷ ಮೊದಲು, 1833ರಲ್ಲಿ, ಥಿಯೋಡರ್ ಒಂದು ಪುಸ್ತಕ ಪ್ರಕಟಿಸಿದರು. ಕೊಳೆಯುತ್ತಿರುವ ಮರದ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಮರದ ಕೋಶಗಳ ಒಳಗೆ ದಾರದಂಥ ಎಳೆಗಳು ಅವರಿಗೆ ಕಂಡಿದ್ದವು. ಇಂದು ನಮಗೆ ಗೊತ್ತು, ಅವು ಶಿಲೀಂಧ್ರದ ಎಳೆಗಳು.

ಥಿಯೋಡರ್ ಅವಕ್ಕೆ ಬೇರೆ ಅರ್ಥ ಕೊಟ್ಟರು. ಮರಕ್ಕೆ ವಯಸ್ಸಾಗಿ ಅದರ ಜೀವಶಕ್ತಿ ಕುಂದಿದಾಗ ಮರದ ಕೋಶಗಳೇ ಒಡೆದು ಈ ಎಳೆಗಳಾಗಿ ಬದಲಾಗುತ್ತವೆ ಎಂದು ಅವರು ವಾದಿಸಿದರು. ಅಂದರೆ ಮರ ಮೊದಲು ಕೊಳೆಯುತ್ತದೆ, ಆ ಕೊಳೆತದಿಂದ ಶಿಲೀಂಧ್ರ ತಾನಾಗಿ ಹುಟ್ಟುತ್ತದೆ.

ಈಗ ಕೇಳಿದರೆ ವಿಚಿತ್ರ ಅನಿಸಬಹುದು. ಆದರೆ ಆ ಕಾಲದಲ್ಲಿ ಇದು ಹುಚ್ಚು ಮಾತಾಗಿರಲಿಲ್ಲ. ಕೊಳೆತ ವಸ್ತುವಿನಿಂದ ಸಣ್ಣ ಜೀವಿಗಳು ತಾವಾಗಿಯೇ ಹುಟ್ಟುತ್ತವೆ ಎಂದು ಅನೇಕ ವಿದ್ವಾಂಸರೇ ನಂಬಿದ್ದರು. ಫ್ರಾನ್ಸಿನ ಲೂಯಿ ಪಾಶ್ಚರ್ ತಮ್ಮ ಪ್ರಯೋಗಗಳಿಂದ ಆ ನಂಬಿಕೆಯನ್ನು ಅಲುಗಾಡಿಸಿದ್ದು 1860ರ ಆಸುಪಾಸಿನಲ್ಲಿ. ಸುಮಾರು ಅದೇ ಹೊತ್ತಿಗೆ ಜರ್ಮನಿಯ ಆಂಟನ್ ಡಿ ಬಾರಿ, ಬೆಳೆಗಳ ತುಕ್ಕು ರೋಗ ಮತ್ತು ಆಲೂಗಡ್ಡೆಯ ಅಂಗಮಾರಿ ರೋಗಗಳ ಹಿಂದೆ ಶಿಲೀಂಧ್ರದಂಥ ಜೀವಿಗಳಿವೆ, ರೋಗದಿಂದ ಅವು ಹುಟ್ಟುವುದಲ್ಲ, ಅವುಗಳಿಂದಲೇ ರೋಗ ಹುಟ್ಟುವುದು ಎಂದು ತೋರಿಸುತ್ತಿದ್ದರು.

ಗಿಡದ ಎಲೆಯ ವಿಷಯ ಹೀಗೆ ಇತ್ಯರ್ಥವಾಗುತ್ತಿತ್ತು. ದೊಡ್ಡ ಮರದ ಒಳಗಿನ ಕೊಳೆತದ ಪ್ರಶ್ನೆ ಹಾಗೇ ಉಳಿದಿತ್ತು.

ಎಬರ್ಸ್‌ವಾಲ್ಡ್‌ನಲ್ಲಿ ಮಗನ ಕೆಲಸ

ರಾಬರ್ಟ್ ಕೂಡ ಅರಣ್ಯ ವಿಜ್ಞಾನ ಓದಿದರು. 1867ರಲ್ಲಿ ಬರ್ಲಿನ್ ಹತ್ತಿರದ ಎಬರ್ಸ್‌ವಾಲ್ಡ್‌ನ ಅರಣ್ಯ ಅಕಾಡೆಮಿಯಲ್ಲಿ ಪಾಠ ಹೇಳಲು ಸೇರಿದರು. ಅಲ್ಲಿ ಅವರ ಮುಂದಿದ್ದ ಪ್ರಶ್ನೆ ಪುಸ್ತಕದ್ದಲ್ಲ, ಹಣದ್ದೂ ಹೌದು. ಹೊರಗಿನಿಂದ ಗಟ್ಟಿಯಾಗಿ ಕಾಣುವ ಪೈನ್ ಮರವನ್ನು ಕಡಿದು ನೋಡಿದರೆ ಒಳಗೆ ಪೊಳ್ಳು. ಬಹಳ ವರ್ಷ ಕಾದು ಬೆಳೆಸಿದ ಮರ ಮಾರಾಟಕ್ಕೆ ಬಾರದು. ಇದಕ್ಕೆ ಮರದ ಮುಪ್ಪು ಕಾರಣ ಎಂದಾದರೆ ಯಾರೂ ಏನೂ ಮಾಡುವಂತಿಲ್ಲ. ಹೊರಗಿನಿಂದ ಬಂದ ಜೀವಿ ಕಾರಣ ಎಂದಾದರೆ ಅದು ಒಳಬರುವ ದಾರಿ ಹುಡುಕಬಹುದು, ತಡೆಯಬಹುದು. ಅಪ್ಪನ ಸಿದ್ಧಾಂತ ಸರಿಯೋ ತಪ್ಪೋ ಎಂಬುದರ ಮೇಲೆ ಇಡೀ ಕಾಡುಗಳ ಲೆಕ್ಕ ನಿಂತಿತ್ತು.

ಪೈನ್ ಮರದ ಕಾಂಡದ ಮೇಲೆ ಗೋಡೆಗೆ ಹೊಡೆದ ಸಣ್ಣ ಶೆಲ್ಫಿನಂತೆ ಬೆಳೆಯುವ ಗಟ್ಟಿ ಅಣಬೆಯನ್ನು ಜನ ಮೊದಲಿನಿಂದ ನೋಡಿದ್ದರು. ಹಾರ್ಟಿಗ್ ಆ ಅಣಬೆಯಿಂದ ಆರಂಭಿಸಿ ಅದರ ಎಳೆಗಳನ್ನು ಹಿಂಬಾಲಿಸುತ್ತಾ ಮರದ ಒಳಗೆ ಹೋದರು. ಹೊರಗಿನ ಅಣಬೆ ಮತ್ತು ಕೊಳೆತ ಮರದೊಳಗಿನ ಎಳೆ ಎರಡೂ ಒಂದೇ ಜೀವಿ ಎಂದು ತೋರಿಸಿದರು. ಮಾವಿನ ಹಣ್ಣಿಗೂ ಮಾವಿನ ಮರಕ್ಕೂ ಇರುವ ಸಂಬಂಧ ಇದು. ನಮ್ಮ ಕಣ್ಣಿಗೆ ಬೀಳುವ ಅಣಬೆ ಹಣ್ಣು ಮಾತ್ರ. ನಿಜವಾದ ಮೈ ಇರುವುದು ಮರದ ಒಳಗೆ.

ಅಷ್ಟಕ್ಕೇ ಬಿಡದೆ ಅವರು ಪ್ರಯೋಗವನ್ನೂ ಮಾಡಿದರು. ಸೋಂಕು ತಗುಲಿದ ಮರದಿಂದ ತೆಗೆದ ಸಣ್ಣ ತುಣುಕನ್ನು ಆರೋಗ್ಯವಾಗಿರುವ ಮರದೊಳಗೆ ಕೂರಿಸಿ, ಎಳೆಗಳು ಹೊಸ ಮರಕ್ಕೂ ಹಬ್ಬುತ್ತವೆಯೇ ಎಂದು ನೋಡಿದರು. ಶಿಲೀಂಧ್ರ ಹಬ್ಬಿತು, ಅದರ ಹಿಂದೆಯೇ ಕೊಳೆತ ಬಂತು. ಮರ ತಾನೇ ಶಿಲೀಂಧ್ರವಾಗುವುದಾದರೆ ಹೀಗೆ ಹೊರಗಿನಿಂದ ತಂದು ಅಂಟಿಸುವ ಅಗತ್ಯವೇ ಇರುವುದಿಲ್ಲ. ಕೊಂಬೆ ಮುರಿದ ಗಾಯವೇ ಈ ಶಿಲೀಂಧ್ರಕ್ಕೆ ಹೆಬ್ಬಾಗಿಲು ಎಂಬುದೂ ತಿಳಿಯಿತು.

ಈ ಸಂಗತಿಗಳೆಲ್ಲ 1874ರಲ್ಲಿ ಕಾಡುಮರಗಳ ಮುಖ್ಯ ರೋಗಗಳ ಕುರಿತ ಅವರ ಪುಸ್ತಕದಲ್ಲಿ ಬಂದವು. ಆಗ ಅವರಿಗೆ 35 ವರ್ಷ. ಅಪ್ಪ ಥಿಯೋಡರ್ ಇನ್ನೂ ಬದುಕಿದ್ದರು.

ತೊಗಟೆಯ ಕೆಳಗಿನ ಕಪ್ಪು ದಾರ

ಅದೇ ಪುಸ್ತಕದಲ್ಲಿ ಇನ್ನೊಂದು ಒಗಟು ಬಿಡಿಸಿದ್ದರು. ಸತ್ತ ಮರದ ತೊಗಟೆ ಕಿತ್ತರೆ ಕೆಳಗೆ ಶೂ ಲೇಸಿನಂಥ ಕಪ್ಪು ದಾರಗಳು ಬಲೆಯಂತೆ ಹರಡಿರುತ್ತಿದ್ದವು. ವಿಜ್ಞಾನಿಗಳು ಇವನ್ನು ಬೇರೆಯೇ ಒಂದು ಜೀವಿ ಎಂದುಕೊಂಡು ಬೇರೆ ಹೆಸರಿಟ್ಟಿದ್ದರು. ಮರದ ಬುಡದಲ್ಲಿ ಗುಂಪಾಗಿ ಏಳುವ ಜೇನು ಬಣ್ಣದ ಅಣಬೆಯದೇ ದಾರಗಳಿವು ಎಂದು ಹಾರ್ಟಿಗ್ ತೋರಿಸಿದರು. ಈ ಅಣಬೆ ಕಪ್ಪು ದಾರಗಳ ಮೂಲಕ ಮಣ್ಣಿನಲ್ಲಿ ಒಂದು ಮರದ ಬೇರಿನಿಂದ ಇನ್ನೊಂದಕ್ಕೆ ಹಬ್ಬಿ ಮರಗಳನ್ನು ಸಾಯಿಸುತ್ತದೆ.

ಈ ಜೇನಣಬೆಗೆ ಇನ್ನೂ ಎರಡು ವಿಶೇಷಗಳಿವೆ. ಅದರ ಎಳೆ ಹಬ್ಬಿದ ಮರ ಕತ್ತಲಲ್ಲಿ ಮಂದವಾಗಿ ಹೊಳೆಯುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಮಳೆಗಾಲದ ರಾತ್ರಿ ಹೊಳೆಯುವ ಕೊಂಬೆಗಳು ಸಿಗುತ್ತವೆ. ಅಲ್ಲಿನ ಶಿಲೀಂಧ್ರಗಳು ಬೇರೆ ಜಾತಿಯವು, ಆದರೆ ಬೆಳಕು ಬರುವುದು ಶಿಲೀಂಧ್ರದಿಂದಲೇ. ಅದು ದೆವ್ವದ ದೀಪವಲ್ಲ.

ಎರಡನೆಯದು ನಮ್ಮ ಬಟ್ಟಲಿಗೆ ಸಂಬಂಧಿಸಿದ್ದು. ಜೇನಣಬೆ ಮರದ ಒಳಗೆ ಕಪ್ಪು ಗೆರೆಗಳನ್ನೂ ಎಳೆಯುತ್ತದೆ.

1878: ಕೊಳೆತಕ್ಕೂ ಸಹಿ ಇರುತ್ತದೆ

1878ರಲ್ಲಿ ಹಾರ್ಟಿಗ್ ಮ್ಯೂನಿಕ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಅದೇ ವರ್ಷ ಬಂದ ಅವರ ದೊಡ್ಡ ಪುಸ್ತಕದ ವಿಷಯ ಮೊನೆಯೆಲೆಯ ಮರಗಳು ಮತ್ತು ಓಕ್ ಮರ ಹೇಗೆ ಕೊಳೆಯುತ್ತವೆ ಎಂಬುದು. ಕೊಳೆತ ಎಂದರೆ ಎಲ್ಲ ಒಂದೇ ಅಲ್ಲ, ಪ್ರತಿ ಶಿಲೀಂಧ್ರವೂ ಮರವನ್ನು ತನ್ನದೇ ರೀತಿಯಲ್ಲಿ ಕೊಳೆಸುತ್ತದೆ ಎಂಬುದು ಆ ಪುಸ್ತಕದ ಮುಖ್ಯ ಮಾತು. ಒಂದು ಬಿಳಿಚುತ್ತದೆ, ಒಂದು ಕಂದು ಪುಡಿ ಮಾಡುತ್ತದೆ, ಒಂದು ಸಣ್ಣ ಸಣ್ಣ ಗೂಡು ಕೊರೆಯುತ್ತದೆ. ಕೊಳೆತದ ಬಗೆ ನೋಡಿ ಯಾವ ಶಿಲೀಂಧ್ರ ಕೆಲಸ ಮಾಡಿದೆ ಎಂದು ಹೇಳಬಹುದು. ಕೊಳೆತ ಮರದಲ್ಲಿ ಕಾಣುವ ಕಪ್ಪು ಗೆರೆಗಳನ್ನೂ ಅವರು ಈ ಕೆಲಸದಲ್ಲಿ ಗಮನಿಸಿ ದಾಖಲಿಸಿದರು.

1880ರಲ್ಲಿ ಥಿಯೋಡರ್ ತೀರಿಕೊಂಡರು. 1882ರಲ್ಲಿ ರಾಬರ್ಟ್ ಅವರ ಮರರೋಗಗಳ ಪಠ್ಯಪುಸ್ತಕ ಬಂತು. ಅರಣ್ಯ ರೋಗಶಾಸ್ತ್ರದ ಪಿತಾಮಹ ಎಂದು ಇಂದು ಅವರನ್ನು ಕರೆಯುತ್ತಾರೆ.

ಹಾಗಾದರೆ ಗೆರೆ ಮೂಡುವುದು ಹೇಗೆ?

ಹಾರ್ಟಿಗ್ ತೆರೆದ ದಾರಿಯಲ್ಲಿ ಮುಂದೆ ನಡೆದವರಿಂದ ಈ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿತು. ಸ್ಪಾಲ್ಟಿಂಗ್‌ನಲ್ಲಿ ಮೂರು ಬಗೆ. ಒಂದೇ ಮರದಲ್ಲಿ ಮೂರೂ ಇರಬಹುದು.

ಮೊದಲನೆಯದು ಕಪ್ಪು ಗೆರೆ. ಇದನ್ನು ಬೇಲಿ ಅಂದುಕೊಳ್ಳಿ. ಒಂದು ಮರದ ದಿಮ್ಮಿಗೆ ಬೇರೆ ಬೇರೆ ಕಡೆಯಿಂದ ಹಲವು ಶಿಲೀಂಧ್ರಗಳು ನುಗ್ಗುತ್ತವೆ. ಎರಡು ಎದುರಾದಾಗ ಜಾಗಕ್ಕಾಗಿ ಜಗಳ. ಪ್ರತಿಯೊಂದೂ ತನ್ನ ಗಡಿಯಲ್ಲಿ ಗಟ್ಟಿಯಾದ ಕಪ್ಪು ಗೋಡೆ ಕಟ್ಟುತ್ತದೆ. ಆ ಕಪ್ಪು ಬಣ್ಣ ಮೆಲನಿನ್‌ನದು. ನಮ್ಮ ಕೂದಲಿಗೆ ಕಪ್ಪು ಬಣ್ಣ ಕೊಡುವ ಬಗೆಯದೇ ವಸ್ತು. ಗೋಡೆ ಮರದೊಳಗೆ ಹಾಳೆಯಂತೆ ಹರಡಿರುತ್ತದೆ. ಮರ ಕೊಯ್ದಾಗ ಅದರ ಅಂಚು ನಮಗೆ ಗೆರೆಯಂತೆ ಕಾಣುತ್ತದೆ, ಅಷ್ಟೇ.

ಒಂದೇ ಜಾತಿಯ ಎರಡು ಶಿಲೀಂಧ್ರಗಳ ನಡುವೆಯೂ ಈ ಜಗಳ ನಡೆಯುತ್ತದೆ. ಬ್ರಿಟನ್ನಿನ ಅಲನ್ ರೇನರ್ ಮತ್ತು ನಾರ್ಮನ್ ಟಾಡ್ 1970ರ ದಶಕದಲ್ಲಿ ಇದನ್ನು ಸ್ಪಷ್ಟಪಡಿಸಿದರು. ಇನ್ನು ಕೆಲವು ಶಿಲೀಂಧ್ರಗಳು ಎದುರಾಳಿ ಇಲ್ಲದಿದ್ದರೂ ಗೋಡೆ ಕಟ್ಟುತ್ತವೆ. ಒಳಗಿನ ತೇವ ಆರಿಹೋಗದಂತೆ ಕಾಯ್ದುಕೊಳ್ಳಲು ಅದು ಅವಕ್ಕೆ ನೆರವಾಗುತ್ತದೆ. ಜೇನಣಬೆ ಈ ಗುಂಪಿಗೆ ಸೇರಿದ್ದು.

ಎರಡನೆಯದು ಬಿಳಿಚಿಕೆ. ಮರಕ್ಕೆ ಕಂದು ಛಾಯೆ ಮತ್ತು ಗಡಸುತನ ಕೊಡುವ ವಸ್ತುಗಳಲ್ಲಿ ಲಿಗ್ನಿನ್ ಮುಖ್ಯವಾದದ್ದು. ಕೆಲವು ಶಿಲೀಂಧ್ರಗಳು ಇದನ್ನು ಕರಗಿಸಿ ತಿನ್ನುತ್ತವೆ. ಆ ಜಾಗ ಬಿಳಿಚಿ, ಪಕ್ಕದ ಮರಕ್ಕಿಂತ ತಿಳಿಯಾಗಿ ಕಾಣುತ್ತದೆ. ಬಿಟ್ಟರೆ ಮೆತ್ತಗಾಗಿ ಸ್ಪಂಜಿನಂತಾಗುತ್ತದೆ.

ಮೂರನೆಯದು ಬಣ್ಣ. ಕೆಲವು ಶಿಲೀಂಧ್ರಗಳು ಮರವನ್ನು ಹೆಚ್ಚು ಹಾಳು ಮಾಡದೆ ಬಣ್ಣ ಬಿಡುತ್ತವೆ. ಕ್ಲೋರೋಸಿಬೋರಿಯಾ ಎಂಬ ಪುಟ್ಟ ಶಿಲೀಂಧ್ರ ಮರವನ್ನು ನೀಲಿ ಬೆರೆತ ಹಸಿರು ಮಾಡುತ್ತದೆ. 15 ಮತ್ತು 16ನೇ ಶತಮಾನದ ಇಟಲಿಯ ಕುಶಲಕರ್ಮಿಗಳು ಮರದ ತುಂಡುಗಳನ್ನು ಕೂರಿಸಿ ಚಿತ್ರ ಮಾಡುವಾಗ ಹಸಿರಿಗೆ ಈ ಮರವನ್ನೇ ಬಳಸಿದ್ದರು. ನೂರಾರು ವರ್ಷ ಕಳೆದರೂ ಹಸಿರು ಉಳಿದಿದೆ.

ಇದೆಲ್ಲ ನಡೆಯಲು ಶಿಲೀಂಧ್ರಕ್ಕೆ ಬೇಕಾದದ್ದು ನಾಲ್ಕು: ತಿನ್ನಲು ಮರ, ತೇವ, ಗಾಳಿ, ಹದವಾದ ಬಿಸಿ. ಮರದ ತೇವಾಂಶ ಸುಮಾರು ಶೇ 30 ದಾಟಿದ್ದು, ಉಷ್ಣಾಂಶ 20ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೆಚ್ಚಿನ ಶಿಲೀಂಧ್ರಗಳಿಗೆ ಹಬ್ಬ. ನೀರಿನಲ್ಲಿ ಪೂರ್ತಿ ಮುಳುಗಿದ ದಿಮ್ಮಿಯಲ್ಲಿ ಗಾಳಿ ಸಿಗದ ಕಾರಣ ಈ ಶಿಲೀಂಧ್ರಗಳು ಬೆಳೆಯುವುದಿಲ್ಲ. ಒಣಗಿದ ಮರದಲ್ಲಿ ತೇವವಿಲ್ಲದ ಕಾರಣ ಬೆಳೆಯುವುದಿಲ್ಲ. ಮೇಪಲ್, ಬರ್ಚ್, ಬೀಚ್‌ನಂಥ ತಿಳಿ ಬಣ್ಣದ ಮರಗಳಲ್ಲಿ ಗೆರೆ ಚೆನ್ನಾಗಿ ಎದ್ದು ಕಾಣುತ್ತದೆ. ಹಾಗಾಗಿ ವಿದೇಶದ ಮರ ಕಡೆಯುವವರು ಇವನ್ನೇ ಆರಿಸಿ, ದಿಮ್ಮಿಯನ್ನು ತೇವದ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟು ಬೇಕೆಂದೇ ಗೆರೆ ಬರಿಸುತ್ತಾರೆ. ಚನ್ನಪಟ್ಟಣದಲ್ಲಿ ಆಟಿಕೆ ಕಡೆಯುವವರಿಗೆ ಬೇಕಾದದ್ದು ಇದಕ್ಕೆ ವಿರುದ್ಧ. ಅರಗಿನ ಬಣ್ಣ ಚೆನ್ನಾಗಿ ಕೂರಲು ಆಲೆ ಮರ ಕಲೆಯಿಲ್ಲದೆ ಬೆಳ್ಳಗಿರಬೇಕು.

ಮನೆಯ ಮರಕ್ಕೆ ಬಂದ ಹಾರ್ಟಿಗ್

1885ರಲ್ಲಿ ಹಾರ್ಟಿಗ್ ಕಾಡಿನಿಂದ ಮನೆಯೊಳಗೆ ಬಂದರು. ಯುರೋಪಿನ ಮನೆಗಳ ತೊಲೆ, ನೆಲಹಲಗೆಗಳನ್ನು ಪುಡಿ ಮಾಡುತ್ತಿದ್ದ ಒಂದು ಶಿಲೀಂಧ್ರದ ಬಗ್ಗೆ ಇಡೀ ಪುಸ್ತಕವನ್ನೇ ಬರೆದರು. ಇಂಗ್ಲಿಷಿನಲ್ಲಿ ಈ ರೋಗವನ್ನು ಒಣ ಕೊಳೆತ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಆ ಹೆಸರಿನಿಂದಾಗಿ ಒಣಗಿದ ಮರವೂ ತಾನಾಗಿ ಕೊಳೆಯುತ್ತದೆ ಎಂದು ತಿಳಿದವರು ಇಂದಿಗೂ ಇದ್ದಾರೆ. ಅದು ತಪ್ಪು. ಕೊನೆಗೆ ಮರ ಒಣ ಪುಡಿಯಂತೆ ಕಾಣಬಹುದು, ಆದರೆ ರೋಗ ಶುರುವಾಗಲು ತೇವ ಬೇಕೇ ಬೇಕು. ನಮ್ಮ ಮನೆಯ ಬಾಗಿಲ ಚೌಕಟ್ಟಿಗೂ ಇದೇ ಮಾತು. ಬಣ್ಣ ಬಳಿಯುವ ಮೊದಲು ನೀರು ಎಲ್ಲಿಂದ ಸೋರುತ್ತಿದೆ ಎಂದು ನೋಡಬೇಕು.

ಅವರಿಗೂ ಕಾಣದೇ ಹೋದದ್ದು

ಹಾರ್ಟಿಗ್ ಹೇಳಿದ್ದೆಲ್ಲ ಸರಿಯಾಗಿತ್ತು ಎಂದರೆ ಕಥೆ ಸುಳ್ಳಾಗುತ್ತದೆ. ಅಪ್ಪ ಥಿಯೋಡರ್ 1840ರ ಹೊತ್ತಿಗೆ ಮರದ ಬೇರಿನ ಕೋಶಗಳ ನಡುವೆ ಒಂದು ಬಲೆಯನ್ನು ಕಂಡು ಚಿತ್ರ ಬರೆದಿದ್ದರು. ಅದು ಶಿಲೀಂಧ್ರ ಎಂದು ಅವರಿಗೆ ಆಗಲೂ ಹೊಳೆಯಲಿಲ್ಲ. 1885ರಲ್ಲಿ ಜರ್ಮನಿಯವರೇ ಆದ ಆಲ್ಬರ್ಟ್ ಫ್ರಾಂಕ್, ಅದು ಬೇರಿನ ಜೊತೆ ಬಾಳುವ ಶಿಲೀಂಧ್ರ, ಮಣ್ಣಿನಿಂದ ಮರಕ್ಕೆ ನೀರು ಮತ್ತು ಪೋಷಕಾಂಶ ತಂದುಕೊಡುತ್ತದೆ ಎಂದರು. ಶಿಲೀಂಧ್ರದಿಂದ ಮರ ಸಾಯುವುದನ್ನೇ ನೋಡುತ್ತ ಬಂದಿದ್ದ ರಾಬರ್ಟ್ ಈ ಮಾತನ್ನು ಒಪ್ಪಲಿಲ್ಲ. ಮುಂದೆ ಫ್ರಾಂಕ್ ಅವರ ಮಾತೇ ಗೆದ್ದಿತು. ಆ ಬಲೆಯನ್ನು ಇಂದು ಥಿಯೋಡರ್ ನೆನಪಿಗೆ ಹಾರ್ಟಿಗ್ ಬಲೆ ಎಂದೇ ಕರೆಯುತ್ತಾರೆ.

ಅಪ್ಪನ ತಪ್ಪನ್ನು ತಿದ್ದಿದ ಮಗನಿಗೂ ತನ್ನ ಅನುಭವದ ಆಚೆಗೆ ನೋಡುವುದು ಕಷ್ಟವಾಯಿತು. ಇಲ್ಲಿ ಗೆದ್ದದ್ದು ಒಬ್ಬ ವ್ಯಕ್ತಿಯಲ್ಲ, ಮತ್ತೆ ಮತ್ತೆ ಪರೀಕ್ಷಿಸುವ ಕ್ರಮ.

ಪುಸ್ತಕ ಭಾರತದ ಕಡೆಗೆ ಬಂದ ದಾರಿ

ಹಾರ್ಟಿಗ್ ಪಠ್ಯಪುಸ್ತಕ 1894ರಲ್ಲಿ ಇಂಗ್ಲಿಷಿಗೆ ಬಂತು. ಅನುವಾದ ವಿಲಿಯಂ ಸೋಮರ್‌ವಿಲ್ ಅವರದು, ಪರಿಷ್ಕರಿಸಿದವರು ಹ್ಯಾರಿ ಮಾರ್ಷಲ್ ವಾರ್ಡ್. ಈ ವಾರ್ಡ್ 1880ರಿಂದ 1882ರವರೆಗೆ ಸಿಲೋನ್‌ನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ಕಾಫಿ ಎಲೆಯ ತುಕ್ಕು ರೋಗವನ್ನು ಅಧ್ಯಯನ ಮಾಡಿದವರು. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಆ ತುಕ್ಕಿನ ಪರಿಚಯ ಹೇಳಿಕೊಡಬೇಕಿಲ್ಲ. ಪುಸ್ತಕ ಬಂದಾಗ ವಾರ್ಡ್ ಪಾಠ ಹೇಳುತ್ತಿದ್ದದ್ದು ಇಂಗ್ಲೆಂಡಿನ ಕೂಪರ್ಸ್ ಹಿಲ್ ಕಾಲೇಜಿನಲ್ಲಿ. ಭಾರತದ ಅರಣ್ಯ ಇಲಾಖೆಗೆ ಬರುತ್ತಿದ್ದ ಅಧಿಕಾರಿಗಳು ತರಬೇತಿ ಪಡೆಯುತ್ತಿದ್ದದ್ದು ಅಲ್ಲೇ.

ರಾಬರ್ಟ್ ಹಾರ್ಟಿಗ್ 1901ರ ಅಕ್ಟೋಬರ್ 9ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 62 ವರ್ಷ.

ಫಾರ್ವರ್ಡ್ ಮಾಡುವ ಮುನ್ನ ಇಷ್ಟು ತಿಳಿದಿರಲಿ

- ಕಪ್ಪು ಗೆರೆ ಮರದ ವಯಸ್ಸು ಹೇಳುತ್ತದೆಯೇ? ಇಲ್ಲ. ವಯಸ್ಸು ಹೇಳುವುದು ವರ್ಷಕ್ಕೊಂದರಂತೆ ಬೆಳೆಯುವ ಉಂಗುರ. ಸ್ಪಾಲ್ಟಿಂಗ್ ಗೆರೆ ಆ ಉಂಗುರಗಳನ್ನು ಲೆಕ್ಕಿಸದೆ ಅಡ್ಡಾದಿಡ್ಡಿ ಹರಿಯುತ್ತದೆ.
- ಸ್ಪಾಲ್ಟ್ ಆದ ಬಟ್ಟಲು ಮನೆಯ ಉಳಿದ ಪೀಠೋಪಕರಣಕ್ಕೆ ಕೊಳೆತ ಹಬ್ಬಿಸುತ್ತದೆಯೇ? ಚೆನ್ನಾಗಿ ಒಣಗಿಸಿದ್ದರೆ ಇಲ್ಲ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ. ಮನೆಯ ಒಣ ಮರವೂ ಅಷ್ಟೇ ಸುರಕ್ಷಿತ.
- ಗೆರೆ ಹೆಚ್ಚಿದ್ದಷ್ಟೂ ಮರ ಗಟ್ಟಿಯೇ? ಗೆರೆಯನ್ನು ನೋಡಿ ಹಾಗೆ ಹೇಳಲಾಗದು. ಅದರ ಜೊತೆಗೇ ಬಿಳಿ ಕೊಳೆತ ಮುಂದುವರಿದಿದ್ದರೆ ಮರ ಮೆತ್ತಗಾಗಿರುತ್ತದೆ. ಉಗುರಿನಿಂದ ಒತ್ತಿದರೆ ತಗ್ಗು ಬೀಳುವ ಮರವನ್ನು ವೇಗವಾಗಿ ತಿರುಗುವ ಲೇತ್‌ಗೆ ಹಾಕಬಾರದು. ಸಿಡಿದು ಗಾಯವಾಗಬಹುದು.
- ಇಂಥ ಮರದ ಧೂಳು ಅಪಾಯವೇ? ಯಾವುದೇ ಮರದ ಸಣ್ಣ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಇಲ್ಲಿ ಶಿಲೀಂಧ್ರವೂ ಸೇರಿರುತ್ತದೆ. ಕಡೆಯುವಾಗ, ಉಜ್ಜುವಾಗ ಸರಿಯಾದ ಮಾಸ್ಕ್ ಹಾಕಲೇಬೇಕು. ಅಸ್ತಮಾ, ಅಲರ್ಜಿ ಇರುವವರು ಈ ಕೆಲಸದಿಂದ ದೂರವಿರುವುದು ಮೇಲು.

ಕೊನೆಯದಾಗಿ ಒಂದು ಮಾತು. ಕೊಳೆತ ಮರ ಮತ್ತು ಶಿಲೀಂಧ್ರ ಒಟ್ಟಿಗೆ ಇದ್ದದ್ದನ್ನು ಥಿಯೋಡರ್ ಕಂಡದ್ದು ನಿಜ. ಒಟ್ಟಿಗೆ ಇರುವ ಎರಡರಲ್ಲಿ ಯಾವುದರಿಂದ ಯಾವುದು ಬಂತು ಎಂಬುದನ್ನು ಪ್ರಯೋಗದಿಂದ ನೋಡದೆ ಹೇಳಿದ್ದರಿಂದ ನುರಿತ ವಿಜ್ಞಾನಿಯೂ ಎಡವಿದರು. ನಮ್ಮ ಫೋನಿಗೆ ಬರುವ ಅನೇಕ ಆರೋಗ್ಯದ ಸಂದೇಶಗಳ ಜಾಡೂ ಇದೇ: ಇದನ್ನು ತಿಂದರು, ಅದು ವಾಸಿಯಾಯಿತು. ಎರಡೂ ನಿಜವಿರಬಹುದು. ಇದರಿಂದಲೇ ಅದು ಆಯಿತೇ ಎಂದು ಯಾರಾದರೂ ಪರೀಕ್ಷಿಸಿದ್ದಾರೆಯೇ? ಫಾರ್ವರ್ಡ್ ಗುಂಡಿ ಒತ್ತುವ ಮೊದಲು ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.